ಹಟ್ಟಿಯ ಹೊನ್ನು

ಮಗಳ ಕಿವಿಗೆ ಓಲೆ ಮಾಡಿಸುವಾಗ ಅದರ ತೂಕವನ್ನೂ ಬೆಲೆಯನ್ನೂ ನಾವೆಲ್ಲರೂ ವಿಚಾರಿಸುವೆವು. ಆ ಹೊನ್ನು ಯಾವ ನೆಲದಿಂದ, ಯಾರ ಕೈಯಿಂದ ಬಂದಿತೆಂದು ವಿಚಾರಿಸುವವರು ವಿರಳ. ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಊರೊಂದು ನಮ್ಮ ನಾಡಿನಲ್ಲಿಯೇ ಇರುವುದು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಹಟ್ಟಿಯೇ ಅದು.

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ ಜೋಳದ ಹೊಲಗಳ ನಡುವೆ ಇರುವ ಈ ಊರಿನ ನೆಲದಡಿಯ ಶಿಲೆಗಳೊಳಗೆ ಬೆಣಚುಕಲ್ಲಿನ ಎಳೆಗಳು ಹಾದುಹೋಗಿವೆ. ಹೊನ್ನು ಅಡಗಿರುವುದು ಆ ಎಳೆಗಳಲ್ಲಿ. ಇದನ್ನು ಮೊದಲು ಕಂಡವರು ಆಂಗ್ಲರೆಂದು ಭಾವಿಸಬಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿಜಾಮರ ಸಂಸ್ಥಾನದ ಅನುಮತಿ ಪಡೆದು ಬಂದ ಕಂಪನಿಯವರು ಇಲ್ಲಿ ಕಂಡದ್ದು ಪುರಾತನರು ತೋಡಿ ಬಿಟ್ಟ ಗುಂಡಿಗಳನ್ನು. ಅವುಗಳಲ್ಲಿ ಕೆಲವು ಆರುನೂರು ಅಡಿಗೂ ಮಿಕ್ಕಿ ಆಳವಾಗಿದ್ದುವು. ಅಲ್ಲಿ ದೊರೆತ ಮರದ ತುಂಡುಗಳನ್ನು ಪರೀಕ್ಷಿಸಿದ ವಿದ್ವಾಂಸರು ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ನಿರ್ಣಯಿಸಿರುವರು. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರೆದು ಬಿರುಕುಗೊಳಿಸಿ ಒಡೆಯುತ್ತಿದ್ದರು. ಹೊಗೆ ತುಂಬಿದ ಆ ಕತ್ತಲೆಯಲ್ಲಿ ದುಡಿದವರ ಪಾಡನ್ನು ಓದುಗರೇ ಊಹಿಸಬಹುದು.

ಹಟ್ಟಿಯ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಒಂದು ವಿಚಿತ್ರವು ನಡೆಯಿತು. ಚಿನ್ನದ ಗಣಿಯ ಇಂಜಿನಿಯರರಾದ ಬೀಡನ್ ಎಂಬುವರು ಅಲ್ಲಿನ ಬಂಡೆಯೊಂದರ ಮೇಲೆ ಬ್ರಾಹ್ಮೀಲಿಪಿಯ ಶಾಸನವನ್ನು ಕಂಡರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರವೇ ಇದ್ದುವು. ಇಲ್ಲಿ ಅಶೋಕನ ಹೆಸರೇ ಕೆತ್ತಿದ್ದಿತು. ಹೊನ್ನಿನ ಕಸುಬಿನವರಿಗೆ ಹೊನ್ನಿಗಿಂತಲೂ ಹೆಚ್ಚಿನ ನಿಧಿಯು ದೊರೆಯಿತು.

ಕಂಪನಿಯ ಗಣಿಯು 1920ರ ಸುಮಾರಿಗೆ ನಿಂತುಹೋಯಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯು ಸ್ಥಾಪಿತವಾಗಿ ಕೆಲಸವು ಪುನಃ ಮೊದಲಾಯಿತು. 1956ರಲ್ಲಿ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಗಣಿಗೆ ಹಟ್ಟಿಯ ಹೆಸರೇ ಬಂದಿತು. ಕೋಲಾರದ ಪ್ರಸಿದ್ಧ ಗಣಿಗಳು 2001ರಲ್ಲಿ ಮುಚ್ಚಿದುವು. ಹಟ್ಟಿಯಲ್ಲಾದರೋ ಇಂದಿಗೂ ಕೆಲಸ ನಡೆಯುತ್ತಿದೆ. ಮಲ್ಲಪ್ಪ ಶಾಫ್ಟ್ ಮೊದಲಾದ ಬಾವಿಗಳ ಮೂಲಕ ಕಾರ್ಮಿಕರು ಎರಡು ಸಾವಿರ ಅಡಿಗೂ ಕೆಳಗೆ ಇಳಿಯುವರು. ಮೇಲೆ ಬಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸಯನೈಡಿನ ದ್ರಾವಣದಲ್ಲಿ ಹೊನ್ನನ್ನು ಕರಗಿಸಿ ಬೇರ್ಪಡಿಸುವರು. ಒಂದು ಟನ್ನು ಕಲ್ಲಿಗೆ ದೊರೆಯುವುದು ಕೆಲವೇ ಗ್ರಾಂ. ಎಂದರೆ, ಒಂದು ಜೊತೆ ಓಲೆಗೆ ಗಾಡಿಗಟ್ಟಲೆ ಬಂಡೆ ಪುಡಿಯಾಗಬೇಕು.

ಮಸ್ಕಿಯ ಬಂಡೆಯು ಚಕ್ರವರ್ತಿಯ ಹೆಸರನ್ನು ಉಳಿಸಿತು. ಹಟ್ಟಿಯ ಬಂಡೆಯನ್ನು ಬೆಂಕಿಯಿಂದ ಒಡೆದವರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ. ಅವರು ತೋಡಿದ ಗುಂಡಿಗಳೇ ಅವರ ಶಾಸನ. ಹಬ್ಬದ ದಿನ ಒಡವೆಯ ಪೆಟ್ಟಿಗೆಯನ್ನು ತೆರೆದಾಗ, ಅಂದಿನ ಆ ಅನಾಮಿಕರನ್ನೂ ಇಂದು ಭೂಗರ್ಭಕ್ಕಿಳಿಯುವ ಅವರ ಉತ್ತರಾಧಿಕಾರಿಗಳನ್ನೂ ಒಂದು ಗಳಿಗೆ ನೆನೆಯುವುದು ನಮ್ಮ ಕರ್ತವ್ಯವಲ್ಲವೇ?