ಅರ್ಧ ಕೆ.ಜಿ. ಬಾಡು, ಮೊರದ ತುಂಬ ಅವರೆ

ಮದ್ದೂರು ಸೀಮೆಯ ಆ ಮನೆಯಲ್ಲಿ ಭಾನುವಾರದ ಬಾಡೂಟದ ಕೆಲಸ ಶನಿವಾರ ರಾತ್ರಿಯೇ ಶುರುವಾಗುತ್ತದೆ. ಸುಲಿದ ಅವರೆಕಾಳನ್ನು ದೊಡ್ಡ ಪಾತ್ರೆಯಲ್ಲಿ ನೆನೆಹಾಕಿ ಮಲಗಿದರೆ, ಬೆಳಿಗ್ಗೆ ಅಜ್ಜಿ, ಸೊಸೆ, ರಜೆಗೆಂದು ಬಂದ ಮೊಮ್ಮಕ್ಕಳು ಸುತ್ತ ಕೂತು ಹಿತಕಲು ತೊಡಗುತ್ತಾರೆ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಸಾಕು, ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ. ಕೆಲವು ಗುರಿ ತಪ್ಪಿ ಗೋಡೆಗೆ ಬಡಿಯುತ್ತವೆ. ಸಿಪ್ಪೆಯೆಲ್ಲ ಕೊಟ್ಟಿಗೆಯ ಪಾಲು.

ಅಷ್ಟರಲ್ಲಿ ಮನೆಯ ಯಜಮಾನರು ಮಾಂಸ ತಂದರು. ಅರ್ಧ ಕೆ.ಜಿ. ಉಣ್ಣುವವರು ಏಳು ಮಂದಿ, ಮೇಲೊಬ್ಬ ಅತಿಥಿ. ಹಿಂದೆಲ್ಲ ಇದೇ ಮನೆಗೆ ಭಾನುವಾರಕ್ಕೆ ಒಂದೂವರೆ ಕೆ.ಜಿ. ಬರುತ್ತಿತ್ತಂತೆ. ಯಜಮಾನರ ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಏರಿದ್ದು ಕಂಡ ಮೇಲೆ ತೂಕ ಇಳಿಯಿತು. ಊಟ ಇಳಿಯಲಿಲ್ಲ. ಅಜ್ಜಿಯ ವಾದ ಸರಳವಾಗಿತ್ತು: ‘ಡಾಕ್ಟ್ರು ಬಾಡು ಕಮ್ಮಿ ಮಾಡಿ ಅಂದ್ರು. ಬುಟ್ಬುಡಿ ಅನ್ನಲಿಲ್ವಲ್ಲ!’

ಅವರು ಮಾಡಿದ್ದೇನೆಂದರೆ, ಒಂದೇ ಮಡಕೆಯೊಳಗೆ ಲೆಕ್ಕವನ್ನು ತಿರುಗಿಸಿದ್ದು. ಬಾಡಿನ ಸಾರಿಗೆ ಒಂದು ಹಿಡಿ ಅವರೆ ಹಾಕುವುದು ಹಳೇ ಮೈಸೂರಿನ ಕಡೆ ಹೊಸದೇನಲ್ಲ. ಇಲ್ಲಿ ಅವರೆಯ ಸಾರಿಗೆ ಒಂದಿಷ್ಟು ಬಾಡು ಬೀಳುತ್ತದೆ. ಕೊಬ್ಬನ್ನು ಅಂಗಡಿಯಲ್ಲೇ ತೆಗೆಸಿ ತಂದಿದ್ದ ತುಂಡುಗಳು ಅರಿಸಿನ, ಉಪ್ಪು, ಈರುಳ್ಳಿಯೊಂದಿಗೆ ಮೊದಲೇ ಬೆಂದವು. ಚಕ್ಕೆ, ಲವಂಗ, ಧನಿಯಾ, ಶುಂಠಿ, ಬೆಳ್ಳುಳ್ಳಿ, ಕೆಂಪಗೆ ಹುರಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿದ ಮಸಾಲೆ ರುಬ್ಬಿದ್ದೂ ಎಂದಿನಂತೆಯೇ. ಕಾಯಿ ಮಾತ್ರ ಅರ್ಧಕ್ಕಿಳಿದು, ಸಾರು ಮಂದವಾಗಲು ಹುರಿಗಡಲೆ ಬಂದಿತ್ತು. ಮಸಾಲೆ ಕುದಿ ಬಂದ ಮೇಲೆ, ಕೊನೆಗೆ ಬೇಳೆ. ಮೊದಲೇ ಹಾಕಿದರೆ ಕರಗಿ ಗೊಜ್ಜಾಗುತ್ತದೆ ಎಂದು ಸೊಸೆಗೆ ಎಚ್ಚರಿಕೆ ಬೇರೆ.

ತಟ್ಟೆಗೆ ಬಂದದ್ದು ಮುದ್ದೆ, ತಲೆಗೆ ಎರಡು ತುಂಡು ಬಾಡು, ಉಳಿದಂತೆ ಬೇಳೆಯೋ ಬೇಳೆ. ಯಾರೂ ತಕರಾರು ತೆಗೆಯಲಿಲ್ಲ. ತೆಗೆಯಲು ಕಾರಣವೂ ಇರಲಿಲ್ಲ, ಮುದ್ದೆ ಅದ್ದುವ ಸಾರಿನಲ್ಲಿ ಬಾಡಿನ ರುಚಿ ಪೂರ್ತಿ ಇಳಿದಿತ್ತು.

ಮಾಂಸ ಕಡಿಮೆ ಮಾಡಿ ಎಂಬ ಸಲಹೆ ಈಗ ಎಲ್ಲ ಕಡೆಯಿಂದಲೂ ಬರುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜ್, ಬೇಕನ್‌ನಂಥ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೂ ಕುರಿ, ದನ, ಹಂದಿಯ ಕೆಂಪು ಮಾಂಸವನ್ನು ‘ಬಹುಶಃ ಕಾರಕ’ ಎಂಬ ಗುಂಪಿಗೂ ಸೇರಿಸಿತು. ಸಂಸ್ಕರಿತ ಮಾಂಸವನ್ನು ದಿನಾ 50 ಗ್ರಾಂ ತಿನ್ನುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಹೆಚ್ಚು ಎಂದಿತು. ಅಮೆರಿಕದಲ್ಲಿ ಮೊದಲ ಮಹಾಯುದ್ಧದ ಕಾಲದ ಮಾಂಸವಿಲ್ಲದ ದಿನಗಳನ್ನು 2003ರಲ್ಲಿ ‘ಮೀಟ್‌ಲೆಸ್ ಮಂಡೇ’ ಎಂದು ಮತ್ತೆ ಎಬ್ಬಿಸಿದರು. ಸೋಮವಾರ ಮಾದಪ್ಪನಿಗೆ, ಶನಿವಾರ ತಿಮ್ಮಪ್ಪನಿಗೆ, ಶ್ರಾವಣ ಪೂರ್ತಿ ದೇವರಿಗೆ ಎಂದು ಬಾಡು ಬಿಡುವ ಮನೆಗಳಿರುವ ನಾಡಿಗೆ ಈ ಸೋಮವಾರವನ್ನು ಇಂಗ್ಲಿಷಿನಲ್ಲಿ ಆಮದು ಮಾಡಿಕೊಳ್ಳುವ ಉತ್ಸಾಹ ಕೆಲವರಿಗೆ ಏಕೋ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇದಕ್ಕಿಂತ ಉಪಯುಕ್ತ. ಅದರಲ್ಲಿ 2,000 ಕಿಲೊ ಕ್ಯಾಲರಿಯ ದಿನದೂಟಕ್ಕೆ ಸೊಪ್ಪು ತರಕಾರಿ 400 ಗ್ರಾಂ, ಧಾನ್ಯ 250 ಗ್ರಾಂ. ಬೇಳೆಕಾಳು, ಮೊಟ್ಟೆ, ಮಾಂಸ ಮೂರೂ ಸೇರಿ 85 ಗ್ರಾಂ. ಮೂರನ್ನೂ ಒಂದೇ ಪಾಲಿಗೆ ಸೇರಿಸಿದ್ದನ್ನು ಓದಿದರೆ ಅಜ್ಜಿಯ ಮಡಕೆಯೇ ಕಣ್ಣಿಗೆ ಕಟ್ಟುತ್ತದೆ. ಒಣ ಅವರೆಕಾಳಿನಲ್ಲಿ 100 ಗ್ರಾಂಗೆ 20 ಗ್ರಾಂ ಆಸುಪಾಸು ಪ್ರೋಟೀನ್ ಇದೆ. ಹಸಿ ಕಾಳಿನಲ್ಲಿ ನೀರಿನಂಶ ಇರುವುದರಿಂದ ಕಡಿಮೆ. ಮಾಂಸದಲ್ಲಿ ಎಳ್ಳಷ್ಟೂ ಇಲ್ಲದ ನಾರು ಕಾಳಿನಲ್ಲಿದೆ. ರಾಗಿಯಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಮೈನೊ ಆಮ್ಲ ಕಾಳಿನಲ್ಲಿ ಧಾರಾಳ, ಕಾಳಿನಲ್ಲಿ ಕಮ್ಮಿಯಿರುವ ಮೆಥಿಯೊನೀನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಗೂ ಕಾಳುಸಾರಿಗೂ ಯಾರು ಜೋಡಿ ಹಾಕಿದರೋ, ಜಾತಕ ಸರಿಯಾಗಿಯೇ ನೋಡಿದ್ದಾರೆ.

ಆದರೆ ಆ ದಿನದ ಹೆಚ್ಚಿನ ಮಾತು ಪ್ರೋಟೀನಿನದಲ್ಲ, ಸೊಗಡಿನದು. ಅವರೆಕಾಯಿಯ ಮೈಮೇಲಿನ ಆ ಎಣ್ಣೆಜಿಡ್ಡು ಬೆರಳಿಗೆ ಅಂಟಿದರೆ ಸಂಜೆಯವರೆಗೂ ಹೋಗದು. ಸಂತೆಯಲ್ಲಿ ಕಾಯಿ ಕೊಳ್ಳುವಾಗ ಅಜ್ಜಿ ಬೆಲೆ ಕೇಳುವುದಕ್ಕೂ ಮೊದಲು ಒಂದು ಹಿಡಿ ಎತ್ತಿ ಮೂಸುತ್ತಾರಂತೆ. ಹಳೇ ನಾಟಿ ತಳಿಗಳು ಹಗಲು ಕಿರಿದಾಗುವುದನ್ನೇ ಕಾಯುತ್ತವೆ. ಯಾವಾಗ ಬಿತ್ತಿದರೂ ಹೂ ಕಚ್ಚುವುದು ಆಗಲೇ. ಹೀಗಾಗಿಯೇ ಅವರೆಯ ಸುಗ್ಗಿ ಡಿಸೆಂಬರ್, ಜನವರಿಗೆ ಕಟ್ಟುಬಿದ್ದಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ‘ಹೆಬ್ಬಾಳ ಅವರೆ 3’, ‘ಹೆಬ್ಬಾಳ ಅವರೆ 4’ ಎಂಬ ತಳಿಗಳಲ್ಲಿ ಈ ಕಟ್ಟನ್ನು ಬಿಡಿಸಿತು. ಹಗಲು ಎಷ್ಟೇ ಉದ್ದವಿದ್ದರೂ ಅವು ಕಾಯಿ ಬಿಡುತ್ತವೆ, ಗಿಡವೂ ಗಿಡ್ಡ. ಬೆಳೆಗಾರನಿಗೆ ಅನುಕೂಲ, ಮಾಂಸ ಕಡಿಮೆ ಮಾಡಬೇಕೆನ್ನುವವರಿಗೆ ವರ್ಷವಿಡೀ ಕಾಳು. ಅಜ್ಜಿ ಮಾತ್ರ ಒಪ್ಪಲಿಲ್ಲ. ‘ಬಾರೋ ತಿಂಗ್ಳೂ ಬರೋ ಅವರೇಲಿ ಸೊಗಡೆಲ್ಲಿ ಬಂತು ಕಣಪ್ಪ? ಮಂಜು ಬೀಳ್ಬೇಕು.’

ಸೊಗಡು ಮಂಜಿನಿಂದ ಬರುತ್ತದೆಯೇ, ತಳಿಯಿಂದಲೇ? ವಾದ ಅರ್ಧ ಗಂಟೆ ನಡೆಯಿತು. ಯಜಮಾನರು ಮಣ್ಣಿನ ಪರ ನಿಂತರು. ಸೊಸೆ, ಬೇಸಿಗೆಯ ಅವರೆಯಲ್ಲಿ ಮಾಡಿದ ಸಾರನ್ನು ಹೇಳದೆ ಬಡಿಸಿದ್ದಾಗ ಅತ್ತೆ ಎರಡು ಸಲ ಹಾಕಿಸಿಕೊಂಡದ್ದನ್ನು ನೆನಪಿಸಿದರು. ಆ ಸಾಕ್ಷ್ಯ ತಿರಸ್ಕೃತವಾಯಿತು. ವಿಷಯ ಕ್ಷುಲ್ಲಕ ಎನ್ನಿಸಬಹುದು. ಆದರೆ ಬಾಡಿನ ಜಾಗದಲ್ಲಿ ಕೂರಬೇಕಾದ ಪದಾರ್ಥದ ಬಗ್ಗೆ ಬಾಡಿನಷ್ಟೇ ಹಟ, ಹೆಮ್ಮೆ ಇಲ್ಲದಿದ್ದರೆ ಅದು ಎರಡನೇ ವಾರಕ್ಕೇ ಪಥ್ಯವಾಗುತ್ತದೆ. ಹಾಗೆಂದು ಅವರೆ ಮುಟ್ಟಿದ್ದೆಲ್ಲ ಆರೋಗ್ಯವೂ ಅಲ್ಲ. ಬೆಂಗಳೂರಿನ ವಿ.ವಿ. ಪುರದಲ್ಲಿ ಹೆಸರಾದ ಅವರೆಬೇಳೆ ಮೇಳದಲ್ಲಿ ಜನ ಮುಗಿಬೀಳುವ ನಿಪ್ಪಟ್ಟು, ಜಿಲೇಬಿ, ಎಣ್ಣೆಯಲ್ಲಿ ಕರಿದ ಬೇಳೆಗಳ ಮುಂದೆ ಎರಡು ತುಂಡು ಬಾಡೇ ವಾಸಿ.

ವಾರದ ಉಳಿದ ದಿನಗಳಿಗೆ ಆ ಮನೆಯ ಉತ್ತರ ಬಸ್ಸಾರು, ಉಪ್ಸಾರು. ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪು, ಅದರ ಜೊತೆ ಅಲಸಂದೆಯೋ ಹುರುಳಿಯೋ. ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಮೇಲೆ ಉಳಿದದ್ದು ಪಲ್ಯ. ನೀರಿನಲ್ಲಿ ಕರಗುವ ಬಿ ಗುಂಪಿನ ವಿಟಮಿನ್‌ಗಳು ಬಚ್ಚಲಿಗೆ ಹೋಗದೆ ಹೊಟ್ಟೆಗೇ ಬರುತ್ತವೆ. ಸೊಪ್ಪು, ಕಾಳಿನ ಕಬ್ಬಿಣವನ್ನು ಮೈ ಹಿಡಿಯುವುದು ಮಾಂಸದ ಕಬ್ಬಿಣಕ್ಕಿಂತ ಕಡಿಮೆ. ನಿಂಬೆಹುಳಿ ಹಿಂಡಿದರೆ ಹೆಚ್ಚುತ್ತದೆ, ಉಂಡ ಕೂಡಲೇ ಟೀ ಕುಡಿದರೆ ಕುಗ್ಗುತ್ತದೆ. ಆ ಮನೆಯಲ್ಲಿ ನಿಂಬೆಹುಳಿ ತಪ್ಪದು, ಟೀಯೂ ತಪ್ಪದು.

ಒಂದು ವಿಷಯದಲ್ಲಿ ಮಾತ್ರ ಕಾಳು ಎಷ್ಟು ಒಳ್ಳೆಯದಾದರೂ ಕೈಚೆಲ್ಲುತ್ತದೆ. ಬಿ12 ವಿಟಮಿನ್ ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿದೆಯೇ ಹೊರತು ಯಾವ ಅವರೆಯಲ್ಲೂ ಇಲ್ಲ. ಮಾಂಸ ಇಳಿಸಿದ ಮನೆಯಲ್ಲಿ ಮೊಸರು, ಮೊಟ್ಟೆ ಉಳಿಯಬೇಕಾದ್ದು ಇದಕ್ಕೇ. ಪೂರ್ತಿ ಬಿಟ್ಟು ಸಸ್ಯಾಹಾರದ ಭಾಷಣ ಬಿಗಿಯುವವರು ಇದನ್ನು ಸಲೀಸಾಗಿ ಹಾರಿಸಿಬಿಡುತ್ತಾರೆ.

ಯುಗಾದಿ ಮಾರನೆಯ ಹೊಸತೊಡಕಿಗೆ ಮಾತ್ರ ಈ ಲೆಕ್ಕವೆಲ್ಲ ರದ್ದು. ಆ ದಿನ ಚೀಟಿ ಹಾಕಿ ಕುರಿ ಕಡಿಸಿ ಗುಡ್ಡೆ ಹಂಚಿಕೊಳ್ಳುವ ಊರಿನಲ್ಲಿ ಅವರೆಯ ಹೆಸರೆತ್ತುವಂತಿಲ್ಲ ಎಂದು ಯಜಮಾನರು ಮೊದಲೇ ಷರತ್ತು ಹಾಕಿಕೊಂಡಿದ್ದಾರೆ. ಅವರೆ ಸಿಗದ ತಿಂಗಳುಗಳಿಗೆ ಮೊಳಕೆ ಹುರುಳಿ, ಅಣಬೆ, ಎಳೆ ಹಲಸಿನಕಾಯಿ ಒಪ್ಪಿತವಾಗಿವೆ. ಸೊಸೆ ಬೆಂಗಳೂರಿನಿಂದ ತಂದ ಸೋಯಾ ತುಂಡು ಇನ್ನೂ ವಿಚಾರಣೆಯಲ್ಲಿದೆ. ಅಜ್ಜಿ ಒಂದನ್ನು ಅಗಿದು ನೋಡಿ, ‘ಇದು ಬಾಡೂ ಅಲ್ಲ, ಕಾಳೂ ಅಲ್ಲ, ಯಾವ್ದಾರ ಒಂದಾಗು ಅಂತ ಹೇಳವ್ವ ಅದಕ್ಕೆ’ ಎಂದು ತಟ್ಟೆಯ ಅಂಚಿಗೆ ಸರಿಸಿದರು. ಮೊಮ್ಮಗ ಅದನ್ನೆತ್ತಿ ಬಾಯಿಗೆ ಹಾಕಿಕೊಂಡ.