ಉತ್ತರ ಅಚ್ಚಾಗದ ಪ್ರಯೋಗ

ಪದವಿ ತರಗತಿಯ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಮಾಡುವ ಪ್ರಯೋಗದ ಫಲಿತಾಂಶ ಪಠ್ಯಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತದೆ. ತನ್ನ ಅಳತೆ ಅದಕ್ಕೆ ಹೊಂದದಿದ್ದರೆ ಅಳತೆಯನ್ನೇ ತಿದ್ದಿ ಬರೆಯುವ ಅಭ್ಯಾಸವೂ ಹೊಸದಲ್ಲ. ಪಠ್ಯಕ್ರಮದೊಳಗಿನ ನಿಜವಾದ ಸಂಶೋಧನೆಯಲ್ಲಾದರೋ ಉತ್ತರವು ಅಧ್ಯಾಪಕರಿಗೂ ತಿಳಿದಿರುವುದಿಲ್ಲ. 2008ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸೀ-ಫೇಜಸ್’ ಕಾರ್ಯಕ್ರಮದಲ್ಲಿ ಪದವಿಯ ಆರಂಭದ ಹಂತದ ವಿದ್ಯಾರ್ಥಿಗಳೇ ಮಣ್ಣಿನಿಂದ ಫೇಜ್‌ಗಳನ್ನು, ಅಂದರೆ ಬ್ಯಾಕ್ಟೀರಿಯಾಗಳಿಗೆ ಸೋಂಕು ತಗುಲಿಸುವ ವೈರಸ್‌ಗಳನ್ನು, ಬೇರ್ಪಡಿಸುತ್ತಾರೆ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ಕೊಳೆತ ಬದನೆಕಾಯಿಯಿಂದ ಬೇರ್ಪಡಿಸಿದ ‘ಮಡ್ಡಿ’ ಎಂಬ ಫೇಜ್, ಔಷಧಕ್ಕೆ ಜಗ್ಗದ ಸೋಂಕಿಗೆ ಒಳಗಾಗಿದ್ದ ಲಂಡನ್ನಿನ ಆಸ್ಪತ್ರೆಯೊಂದರ ಹದಿಹರೆಯದ ರೋಗಿಯೊಬ್ಬಳ ಚಿಕಿತ್ಸೆಯಲ್ಲಿ ಬಳಕೆಯಾದದ್ದು 2019ರಲ್ಲಿ ವರದಿಯಾಯಿತು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಪ್ರಯತ್ನ ಇನ್ನೂ ಹಳೆಯದು. 1975ರಲ್ಲಿ ಸ್ಥಾಪನೆಯಾದ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ನೆರವು ನೀಡುತ್ತ ಬಂದಿದೆ. ಮಂಡಳಿಯ ಆರಂಭದ ವರ್ಷಗಳಲ್ಲಿ ಕಾರ್ಯದರ್ಶಿಯಾಗಿದ್ದ ಎ.ಕೆ.ಎನ್. ರೆಡ್ಡಿ ಅವರೇ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಘಟಕವನ್ನು ಕಟ್ಟಿದವರು. ಆ ಘಟಕದ ವಿಸ್ತರಣಾ ಕೇಂದ್ರ ನೆಲೆಗೊಂಡದ್ದು ತುಮಕೂರಿನಿಂದ ಹೆಬ್ಬೂರನ್ನು ದಾಟಿ ಹೋದರೆ ಸಿಗುವ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅಲ್ಲಿನ ವಿಜ್ಞಾನಿಗಳು ಆರು ಹಳ್ಳಿಗಳ ಮನೆಗಳಲ್ಲಿ ಉರಿಯುವ ಸೌದೆಯ ಪ್ರಮಾಣವನ್ನೂ ಅದನ್ನು ತರಲು ವ್ಯಯವಾಗುವ ದುಡಿಮೆಯನ್ನೂ ಲೆಕ್ಕಹಾಕಿ, ಹಳ್ಳಿಯ ಇಂಧನದಲ್ಲಿ ಸಿಂಹಪಾಲು ಅಡುಗೆಗೇ ಹೋಗುತ್ತದೆಂದು ತೋರಿಸಿದರು. ಅದು ವಿದ್ಯಾರ್ಥಿಗಳ ಕೆಲಸವಾಗಿರಲಿಲ್ಲ, ನಿಜ. ಆದರೆ ಪದವಿ ವಿದ್ಯಾರ್ಥಿಯ ಶಕ್ತಿಗೆ ಮೀರಿದ್ದೂ ಅಲ್ಲ.

ರಾಜ್ಯದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದವಿಯು ಇಂಥ ಸಂಶೋಧನೆಯನ್ನು ಕೊನೆಯ ವರ್ಷಕ್ಕೆ ಮೀಸಲಿಟ್ಟಿತ್ತು. 2024–25ರಿಂದ ರಾಜ್ಯ ಮೂರು ವರ್ಷಕ್ಕೇ ಮರಳಿದ್ದರಿಂದ ಆ ಅವಕಾಶ ಕೈತಪ್ಪಿತೆಂಬ ಕೊರಗು ಕೇಳಿಬರುತ್ತದೆ. ಸಂಶೋಧನೆಗೆ ಪ್ರತ್ಯೇಕ ವರ್ಷವೇ ಬೇಕೆಂಬ ಭಾವನೆಯೇ ಇಲ್ಲಿ ತೊಡಕು. (ದುಡ್ಡು ಕೊಟ್ಟರೆ ಸಿದ್ಧ ಪ್ರಾಜೆಕ್ಟ್ ಸಿಗುವ ಅಂಗಡಿಗಳಿರುವಾಗ ವರ್ಷಗಳ ಲೆಕ್ಕದಿಂದ ಆಗುವುದಾದರೂ ಏನು?) ಪ್ರತ್ಯೇಕ ವರ್ಷವಿಲ್ಲದೆಯೂ ಆಗುವ ಕೆಲಸಕ್ಕೆ ಒಂದು ಉದಾಹರಣೆ: ತುಮಕೂರು ಸೀಮೆಯ ತೆಂಗಿನ ತೋಟಗಳನ್ನು ಕಾಡುವ ಕಪ್ಪುತಲೆ ಹುಳು ಗರಿಯ ಕೆಳಮೈಯನ್ನು ಕೆರೆದು ತಿನ್ನುತ್ತದೆ; ಅದರ ಹತೋಟಿಗೆ ಗೋನಿಯೋಜಸ್ ಎಂಬ ಪರಾವಲಂಬಿ ಕೀಟವನ್ನು, ಅಂದರೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನೇ ಮರಿಗಳಿಗೆ ಆಹಾರವಾಗಿಸುವ ಜೀವಿಯನ್ನು, ತೋಟಕ್ಕೆ ಬಿಡಲಾಗುತ್ತದೆ. ಹೆಬ್ಬೂರಿನ ಒಂದು ತೋಟದಲ್ಲಿ ಗೋನಿಯೋಜಸ್ ಎಷ್ಟು ಕಾಲ ಉಳಿಯುತ್ತದೆ, ಬೇಸಿಗೆಯಲ್ಲಿ ಸಾಯುವುದೇ ಎಂಬುದನ್ನು ಪ್ರಾಣಿಶಾಸ್ತ್ರದ ಬಿ.ಎಸ್ಸಿ. ತರಗತಿಯೊಂದು ಕೈಮಸೂರದಿಂದಲೇ ಎಣಿಸಬಹುದು; ಷರತ್ತು ಒಂದೇ, ಒಂದು ಸೆಮಿಸ್ಟರ್‌ನವರು ಗುರುತು ಹಾಕಿದ ಮರಗಳನ್ನೇ ಮುಂದಿನ ಸೆಮಿಸ್ಟರ್‌ನವರೂ ಎಣಿಸಬೇಕು.