ಪಡಸಾಲೆಯಲ್ಲಿ ಆಟಿಕೆಗಳಿಗೊಂದು ಜಾಗ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಬಹಳಷ್ಟು ಮನೆಗಳಲ್ಲಿ ಮಕ್ಕಳಿಗೆಂದೇ ಬೇರೆ ಕೋಣೆ ಇರುವುದಿಲ್ಲ. ಆಟ ನಡೆಯುವುದು ಪಡಸಾಲೆಯಲ್ಲಿ. ಬಂದವರು ಕೂರುವುದು, ಕಾಳು ಹಸನು ಮಾಡುವುದು, ರಾತ್ರಿ ಹಾಸಿಗೆ ಹಾಸುವುದು ಕೂಡ ಅಲ್ಲಿಯೇ. ಸುಗ್ಗಿ ಬಂತೆಂದರೆ ಗೋವಿನಜೋಳದ ಚೀಲಗಳೂ ಅದೇ ಗೋಡೆಗೆ ಒರಗುತ್ತವೆ. ಇಂಥ ಜಾಗಕ್ಕೆ ದೊಡ್ಡ ಕಪಾಟು ತಂದು ನಿಲ್ಲಿಸಿದರೆ ಇಕ್ಕಟ್ಟು ಹೆಚ್ಚುತ್ತದೆಯೇ ಹೊರತು ಆಟಿಕೆಗಳು ಒಪ್ಪವಾಗುವುದಿಲ್ಲ. ಹಾಸಿಗೆಯ ಹೊತ್ತಿಗೆ ಎಲ್ಲವನ್ನೂ ಬೇಗ ಎತ್ತಲು ಬರಬೇಕು, ಬೆಳಿಗ್ಗೆ ಮಗು ತಾನೇ ತೆಗೆದುಕೊಳ್ಳಲು ಬರಬೇಕು. ಪಡಸಾಲೆಯ ವ್ಯವಸ್ಥೆಗೆ ಬೇಕಾದದ್ದು ಇಷ್ಟು.

ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ಇದಕ್ಕೆ ಬೇಕಾದ ಅನುಕೂಲ ಗೋಡೆಯಲ್ಲೇ ಇತ್ತು. ಕೆಳಗಿನ ಮಾಡದಲ್ಲಿ ಬುಗುರಿ, ಗೂಟಕ್ಕೆ ಚೀಲ, ವರ್ಷಕ್ಕೊಮ್ಮೆ ಬೇಕಾಗುವ ಸಾಮಾನು ಅಟ್ಟದ ಮೇಲೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತುಗಳನ್ನು ಮಾತ್ರ ಎತ್ತರದ ಮಾಡದಲ್ಲಿ ಇಡುವುದು ವಾಸಿ, ಏಕೆಂದರೆ ಸುಡದ ಮಣ್ಣು ಮಕ್ಕಳ ಕೈಗೆ ಸಿಕ್ಕರೆ ಬೇಗ ಉದುರುತ್ತದೆ. ಗಜಗ, ಕವಡೆ, ಗೋಲಿಗಳಿಗೆ ಅಜ್ಜಿಯರ ಎಲೆ-ಅಡಿಕೆ ಸಂಚಿಗಿಂತ ಒಳ್ಳೆಯ ಜಾಗ ಸಿಗಲಾರದು. ಅದರಲ್ಲಿ ಒಂದರೊಳಗೊಂದು ಹಲವು ಅರೆ, ಬಾಯಿಗೆ ಎಳೆಯುವ ದಾರ ಇರುತ್ತದೆ. ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುವ ಮನೆಯಲ್ಲಿ ಇಂಥ ಚೀಲಕ್ಕೆ ಖರ್ಚೇ ಇಲ್ಲ.

ಕಾಂಕ್ರೀಟ್ ಮನೆಗಳಲ್ಲಿ ಗೋಡೆ ತೆಳುವಾಯಿತು, ಮಾಡಗಳು ಹೋದವು. ಅವುಗಳ ಬದಲಿಗೆ ಬಂದ ಷೋಕೇಸಿನ ಗಾಜಿನ ಹಿಂದೆ, ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದ ಗೊಂಬೆಗಳು ವರ್ಷಗಟ್ಟಲೆ ಕೂತಿರುತ್ತವೆ. ಅವು ಮನೆಯ ಅಲಂಕಾರ. ಆಟಿಕೆಯ ಲೆಕ್ಕಕ್ಕೆ ಸೇರುವುದಿಲ್ಲ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದಲ್ಲಿ ತೆರೆದ ಶಿಶುಮನೆಯಿಂದ ಬೆಳೆದು ಬಂದ ಪದ್ಧತಿಯಲ್ಲಿ ಕಪಾಟುಗಳು ಮಗುವಿನ ಎತ್ತರಕ್ಕೇ ಇರುತ್ತವೆ, ಅವಕ್ಕೆ ಬಾಗಿಲಿರುವುದಿಲ್ಲ. ಕಣ್ಣಿಗೆ ಕಾಣುವ, ಕೈಗೆ ಎಟುಕುವ ಜಾಗದಿಂದ ತೆಗೆದದ್ದನ್ನು ಮಗು ಅಲ್ಲಿಯೇ ಇಡುವುದನ್ನು ಬೇಗ ಕಲಿಯುತ್ತದೆ. ಹೊಸ ಮನೆಯಲ್ಲಿ ಕಿಟಕಿಯ ಕೆಳಗೆ ಗೋಡೆಯುದ್ದಕ್ಕೂ ಕಡಪ ಕಲ್ಲಿನ ಒಂದು ಗಿಡ್ಡ ಅಂತಸ್ತು ಹಾಕಿಸಿದರೆ ಮೇಲೆ ದೊಡ್ಡವರು ಕೂರಬಹುದು, ಕೆಳಗೆ ಬುಟ್ಟಿಗಳನ್ನು ತಳ್ಳಿ ಇಡಬಹುದು. ಮರದ ಅಥವಾ ಕಬ್ಬಿಣದ ರ್‍ಯಾಕ್ ತಂದರೆ ಅದನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಲೇಬೇಕು. ಮಕ್ಕಳು ಅದನ್ನು ಏಣಿಯೆಂದೇ ತಿಳಿಯುತ್ತಾರೆ.

ಎಲ್ಲ ಆಟಿಕೆಗಳೂ ಹೊರಗೇ ಇರಬೇಕಾಗಿಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಪುಟ್ಟ ಮಕ್ಕಳಿಗೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಲಾಯಿತು. ಕಡಿಮೆ ಆಟಿಕೆ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಜಾತ್ರೆಯಲ್ಲಿ ಕೊಂಡದ್ದು, ಹುಟ್ಟುಹಬ್ಬಕ್ಕೆ ಬಂದದ್ದು ಎಲ್ಲ ಸೇರಿ ರಾಶಿಯಾದ ಮನೆಯಲ್ಲಿ ಒಂದೆರಡು ಬುಟ್ಟಿಯಷ್ಟನ್ನು ಹೊರಗಿಟ್ಟು, ಉಳಿದದ್ದನ್ನು ಅಟ್ಟಕ್ಕೇರಿಸಿ, ಕೆಲವು ವಾರಕ್ಕೊಮ್ಮೆ ಅದಲುಬದಲು ಮಾಡಿದರಾಯಿತು. ಮರೆತ ಆಟಿಕೆ ಕೆಳಗಿಳಿದಾಗ ಹೊಸದರಷ್ಟೇ ಸಂಭ್ರಮ.

ಯಾವುದರಲ್ಲಿ ತುಂಬಿಡಬೇಕು ಎಂಬುದು ಈ ಊರುಗಳಲ್ಲಿ ಹೆಚ್ಚು ಎಚ್ಚರ ಬೇಡುವ ವಿಷಯ. ಮೇದಾರರು ಹೆಣೆಯುವ ಬಿದಿರಿನ ಬುಟ್ಟಿ ಹಗುರ, ಗಾಳಿಯಾಡುತ್ತದೆ, ಎತ್ತಿ ಮೂಲೆಗಿಡಲು ಸುಲಭ. ಸಿಬಿರು ಏಳದಂತೆ ಒಳಗೆ ಬಟ್ಟೆ ಹಾಸಿದರೆ ಸಾಕು. ಬ್ಯಾಡಗಿಯಲ್ಲಿ ಖಾಲಿ ಮೆಣಸಿನಕಾಯಿ ಚೀಲಕ್ಕೆ ಬರವಿಲ್ಲ. ಆದರೆ ಅದು ಆಟಿಕೆಗೆ ತಕ್ಕದ್ದಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ನಿಜವಾದರೂ ಚೀಲದ ಎಳೆಗಳಲ್ಲಿ ಕೂತ ಪುಡಿ ಗೊಂಬೆಗೆ ಕೆಂಪು ಹತ್ತಿಸುತ್ತದೆ, ಮಗು ಅದೇ ಕೈಯಲ್ಲಿ ಕಣ್ಣುಜ್ಜಿದರೆ ಉರಿಯುತ್ತದೆ. ಬಿತ್ತನೆ ಬೀಜದ ವ್ಯಾಪಾರ ಜೋರಾಗಿರುವ ರಾಣೆಬೆನ್ನೂರಿನಲ್ಲಿ ಅಪಾಯ ಇನ್ನೂ ದೊಡ್ಡದು. ಹತ್ತಿ, ಗೋವಿನಜೋಳದ ಬೀಜಗಳಿಗೆ ಸಾಮಾನ್ಯವಾಗಿ ಶಿಲೀಂಧ್ರನಾಶಕ, ಕೀಟನಾಶಕ ಲೇಪಿಸಿರುತ್ತಾರೆ. ಬೀಜಕ್ಕೆ ಢಾಳಾದ ಬಣ್ಣ ಹಾಕುವುದು ತಿನ್ನಬಾರದೆಂಬ ಎಚ್ಚರಿಕೆಗೆ. ಆ ಚೀಲ, ಔಷಧಿಯ ಡಬ್ಬ, ರಟ್ಟಿನ ಪೆಟ್ಟಿಗೆ ಯಾವುದೂ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಮಕ್ಕಳ ಸಾಮಾನಿನ ಹತ್ತಿರ ಸುಳಿಯಬಾರದು. ಕಿರಾಣಿ ಅಂಗಡಿಯ ರಟ್ಟಿನ ಡಬ್ಬ ಆಗಬಹುದು, ಆದರೆ ಮಣ್ಣಿನ ನೆಲದ ಮೇಲಿಟ್ಟರೆ ಗೆದ್ದಲು ಹಿಡಿಯುತ್ತದೆ. ಹಳೆಯ ಟ್ರಂಕಿನ ಭಾರದ ಮುಚ್ಚಳ ಬೆರಳ ಮೇಲೆ, ಕೆಲವೊಮ್ಮೆ ಕತ್ತಿನ ಮೇಲೆ ಬೀಳುವುದುಂಟು. ಮುಚ್ಚಳ ತೆಗೆಸಿದರೆ ಅದೇ ಒಳ್ಳೆಯ ತೊಟ್ಟಿಯಾಗುತ್ತದೆ.

ಅಣ್ಣ-ತಮ್ಮಂದಿರ ಮಕ್ಕಳೆಲ್ಲ ಒಂದೇ ಪಡಸಾಲೆಯಲ್ಲಿ ಆಡುವ ಮನೆಯಲ್ಲಿ ಆಟಿಕೆಗಳನ್ನು ಹೆಸರಿಗಿಂತ ವಯಸ್ಸಿನ ಮೇಲೆ ವಿಂಗಡಿಸಬೇಕು. 3 ವರ್ಷದೊಳಗಿನ ಕೂಸು ಇದ್ದರೆ ಗೋಲಿ, ಕವಡೆ, ಹುಣಸೆಬೀಜ, ಬಿಡಿ ಚಕ್ರಗಳು ದೊಡ್ಡ ಮಕ್ಕಳ ಎತ್ತರದ ಗೂಟಕ್ಕೆ ಹೋಗಬೇಕು. ಗುಂಡಿಯಂಥ ಚಪ್ಪಟೆ ಬ್ಯಾಟರಿಯ ಆಟಿಕೆಯಲ್ಲಿ ಸ್ಕ್ರೂ ಇಲ್ಲದ ಮುಚ್ಚಳವಿದ್ದರೆ ಅದು ಪಡಸಾಲೆಯಲ್ಲೇ ಇರಬಾರದು. ನುಂಗಿದ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ವಿಂಗಡಿಸುವಾಗ ಗುರುತಿಲ್ಲದವುಗಳನ್ನು ಹೆಚ್ಚು ಹುಷಾರಾಗಿ ನೋಡಬೇಕು.

ಶುಚಿಯ ಕೆಲಸ ಸಣ್ಣದು. ಪ್ಲಾಸ್ಟಿಕ್ಕನ್ನು ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬಹುದು. ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆಯನ್ನು ನೀರಿಗೆ ಹಾಕದೆ ಒಣಬಟ್ಟೆಯಿಂದ ಒರೆಸಬೇಕು. ಬಟ್ಟೆಯ ಗೊಂಬೆಗಳನ್ನು ಮಳೆಗಾಲಕ್ಕೆ ಮೊದಲು ಒಗೆದು ಬಿಸಿಲಿಗೆ ಹಾಕಿದರೆ ಬೂಸಲು ಬರುವುದಿಲ್ಲ. ವಯಸ್ಸು ದಾಟಿದ, ಆದರೆ ಗಟ್ಟಿಯಿರುವ ಆಟಿಕೆಗಳನ್ನು ಓಣಿಯ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ ಅಲ್ಲಿಗೆ ಕೊಡಬಹುದು. ಚೂಪು ಅಂಚು ಎದ್ದ, ಒಡೆದ ಪ್ಲಾಸ್ಟಿಕ್ ಮಾತ್ರ ಒಣಕಸದ ಗಾಡಿಗೆ.